ಮಳೆಯ ಸದ್ದಿಗೆ ಬೆಚ್ಚುವ ತಮ್ಮ

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನನ್ನ ತಮ್ಮನಿಗೆ 14 ವರ್ಷ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೂ, ಜೋರು ಮಳೆಯ ರಾತ್ರಿ ಎದ್ದು ಕುಳಿತು ಚಪ್ಪಲಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಇದು ಸಹಜವೇ?

ಉತ್ತರ 1: ಆಘಾತವಾದ ಕೆಲವು ವಾರ ನಿದ್ರೆ ಕೆಡುವುದು ಸಹಜ, ಆದರೆ ದುಃಸ್ವಪ್ನ, ಬೆಚ್ಚಿಬೀಳುವುದು, ನೆನಪು ತರುವ ಜಾಗಗಳಿಂದ ದೂರವಿರುವುದು ತಿಂಗಳಿಗೂ ಮೀರಿ ಉಳಿದು ದಿನಚರಿಯನ್ನು ಕೆಡಿಸುತ್ತಿದ್ದರೆ ಮನೋವೈದ್ಯರು ನೋಡಲೇಬೇಕು. ವರ್ಷಗಳು ಕಳೆದಿದ್ದರೂ ಆಪ್ತ ಮಾತಿನ ಚಿಕಿತ್ಸೆಯಿಂದ ಪ್ರಯೋಜನವಿದೆ. ನಿಮ್ಹಾನ್ಸ್ ಅದೇ ಊರಿನಲ್ಲಿದೆಯಲ್ಲ.

ಉತ್ತರ 2: ದಯವಿಟ್ಟು ‘ಮರೆತುಬಿಡು’ ಎನ್ನಬೇಡಿ; ಮನೆಯವರು ಹಾಗೆಂದಿದ್ದರಿಂದಲೇ ನಾನು ಹೇಳಿಕೊಳ್ಳುವುದನ್ನು ನಿಲ್ಲಿಸಿದ್ದೆ. ಆಸ್ಪತ್ರೆಗೆ ಹಿಂಜರಿದರೆ, 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ ಕೇಳಿದವರು: ನಿನ್ನೆ ಚಪ್ಪಲಿಯ ವಿಷಯ ಕೇಳಿದೆ. ಅಂದು ಬರಿಗಾಲಿನಲ್ಲಿ ಓಡಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ.