ಸಮಸಾಂದ್ರ ಯೂರಿಯಾ ದ್ರಾವಣದಲ್ಲಿ ಕೆಂಪು ರಕ್ತಕಣಗಳು ಒಡೆಯುವುದೇಕೆ?

ಪ್ರಶ್ನೆ (ಬಿ.ಎಸ್‌ಸಿ. ವಿದ್ಯಾರ್ಥಿನಿ):
ಪ್ರಯೋಗಾಲಯದಲ್ಲಿ ಒಂದು ಟೆಸ್ಟ್ ಟ್ಯೂಬಿಗೆ ಶೇ. 0.9ರ ಸಲೈನನ್ನೂ ಇನ್ನೊಂದಕ್ಕೆ ಶೇ. 1.8ರ ಯೂರಿಯಾ ದ್ರಾವಣವನ್ನೂ ಹಾಕಿ, ಎರಡಕ್ಕೂ ಒಂದೊಂದು ಹನಿ ರಕ್ತ ಸೇರಿಸಿದೆವು. ಸಲೈನ್ ಇದ್ದ ಟ್ಯೂಬ್ ಮಬ್ಬಾಗಿಯೇ ಉಳಿಯಿತು. ಯೂರಿಯಾ ಇದ್ದದ್ದು ಮಾತ್ರ ಕೆಲವೇ ಕ್ಷಣಗಳಲ್ಲಿ ಕೆಂಪು ಶರಬತ್ತಿನಂತೆ ತಿಳಿಯಾಗಿ, ಹಿಂದೆ ಹಿಡಿದ ಪುಸ್ತಕದ ಅಕ್ಷರಗಳು ಸ್ಪಷ್ಟವಾಗಿ ಕಾಣತೊಡಗಿದವು. ಲೆಕ್ಕ ಹಾಕಿದರೆ ಎರಡೂ ಲೀಟರಿಗೆ ಸುಮಾರು 300 ಮಿಲಿಆಸ್ಮೋಲ್ (ಕರಗಿರುವ ಅಣು-ಅಯಾನುಗಳ ಒಟ್ಟು ಸಂಖ್ಯೆಯ ಅಳತೆ) ಬರುತ್ತವೆ. ಹೊರಗೂ ಒಳಗೂ ಸಾಂದ್ರತೆ ಸಮನಾಗಿರುವಾಗ ನೀರು ಕಣದೊಳಗೆ ನುಗ್ಗಿದ್ದಾದರೂ ಏಕೆ?

ಉತ್ತರ 1 (ಶರೀರಕ್ರಿಯಾಶಾಸ್ತ್ರ ಬೋಧಕ):
ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಅದು ದ್ರಾವಣವನ್ನು ಮಾತ್ರ ನೋಡುತ್ತದೆ, ಪೊರೆಯನ್ನು ನೋಡುವುದಿಲ್ಲ. ಸೋಡಿಯಂ ಪೊರೆಯನ್ನು ದಾಟುವುದು ಬಹಳ ನಿಧಾನ. ಒಳಸೇರಿದ ಅಷ್ಟಿಷ್ಟನ್ನೂ ಸೋಡಿಯಂ-ಪೊಟ್ಯಾಸಿಯಂ ಪಂಪ್ ಹೊರಹಾಕುತ್ತಿರುತ್ತದೆ. ಆದ್ದರಿಂದ ಸಲೈನಿನ ಉಪ್ಪು ಹೊರಗೇ ಉಳಿದು, ಒಳಗಿರುವ ಹಿಮೋಗ್ಲೋಬಿನ್ ಮತ್ತು ಪೊಟ್ಯಾಸಿಯಂ ನೀರನ್ನು ಎಳೆಯುವ ಬಲಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಯೂರಿಯಾ ಹಾಗಲ್ಲ. ಕೆಂಪು ಕಣದ ಪೊರೆಯಲ್ಲಿ ಅದಕ್ಕೆಂದೇ ಸಾಗಣೆ ಪ್ರೋಟೀನ್ ಇರುವುದರಿಂದ ಅದು ಕ್ಷಣಾರ್ಧದಲ್ಲಿ ಒಳಹೊಕ್ಕು ಎರಡೂ ಬದಿಯಲ್ಲಿ ಸಮನಾಗುತ್ತದೆ. ಆಗ ಒಳಗೆ ಮೊದಲೇ ಇದ್ದ ಹಿಮೋಗ್ಲೋಬಿನ್, ಪೊಟ್ಯಾಸಿಯಂಗಳಿಗೆ ಎದುರಾಗಿ ನಿಲ್ಲುವಂಥದ್ದು ಹೊರಗೆ ಏನೂ ಉಳಿಯದೆ, ಕಣವನ್ನು ಬಟ್ಟಿ ಇಳಿಸಿದ ನೀರಿಗೆ ಹಾಕಿದಂತೆಯೇ ಆಗುತ್ತದೆ. ನೀರು ಹಾದುಹೋಗಲು ಪೊರೆಯಲ್ಲಿ ಅಕ್ವಾಪೊರಿನ್-1 ಎಂಬ ನಾಳಗಳು ಧಾರಾಳವಾಗಿವೆ. ಇವನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಸಾಧ್ಯವಾದರೆ ಯೂರಿಯಾವನ್ನು ನೀರಿನ ಬದಲು ಶೇ. 0.9ರ ಸಲೈನಿನಲ್ಲೇ ಕರಗಿಸಿ ನೋಡಿ. ಒಟ್ಟು ಸಾಂದ್ರತೆ ಇಮ್ಮಡಿಯಾದರೂ ಕಣಗಳು ಅರೆಕ್ಷಣ ಕುಗ್ಗಿ ಮತ್ತೆ ಮೊದಲಿನಂತಾಗುತ್ತವೆಯೇ ಹೊರತು ಒಡೆಯುವುದಿಲ್ಲ.

ಉತ್ತರ 2 (ರಕ್ತಪರೀಕ್ಷಾ ತಂತ್ರಜ್ಞೆ):
ಒಡೆಯುವ ಹಂತದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೊರೆ ಹಿಗ್ಗಿ ಹಿಗ್ಗಿ ಕೊನೆಗೆ ಒಡೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದರ ವಿಸ್ತೀರ್ಣ ಶೇ. 3-4ರಷ್ಟು ಹೆಚ್ಚಿದರೂ ಅದು ತಾಳಲಾರದು. ಕಣಕ್ಕೆ ನೆರವಾಗುವುದು ಅದರ ತಟ್ಟೆಯಾಕಾರ. ಸುಮಾರು 90 ಫೆಮ್ಟೋಲೀಟರ್ ಗಾತ್ರದ ಕಣಕ್ಕೆ ಸುಮಾರು 140 ಚದರ ಮೈಕ್ರೋಮೀಟರ್ ಪೊರೆ ಇದೆ. ಅಷ್ಟೇ ಪೊರೆಯ ಗೋಳದಲ್ಲಿ 150 ಫೆಮ್ಟೋಲೀಟರಿನಷ್ಟು ಹಿಡಿಸುತ್ತದೆ. ಈ ಸಡಿಲು ಮುಗಿಯುವವರೆಗೆ ನೀರು ಬಂದರೂ ಆಕಾರವಷ್ಟೇ ಬದಲಾಗುತ್ತದೆ. ಆರೋಗ್ಯವಂತರ ಕಣಗಳು ಶೇ. 0.5ರ ಸಲೈನಿನ ಆಸುಪಾಸಿನಲ್ಲಿ ಒಡೆಯಲಾರಂಭಿಸಿ ಶೇ. 0.3ರ ಹೊತ್ತಿಗೆ ಪೂರ್ತಿ ಒಡೆದಿರುತ್ತವೆ. ಆನುವಂಶಿಕ ಸ್ಫೆರೋಸೈಟೋಸಿಸ್‌ನಲ್ಲಿ ಆಂಕಿರಿನ್, ಸ್ಪೆಕ್ಟ್ರಿನ್ ಮೊದಲಾದ ಪ್ರೋಟೀನ್‌ಗಳ ದೋಷದಿಂದ ಪೊರೆಯ ಚೂರುಗಳು ಕಳಚಿಹೋಗಿ, ಕಣ ಮೊದಲೇ ಗುಂಡಗಿರುವುದರಿಂದ ಬೇಗ ಒಡೆಯುತ್ತದೆ.

ಥಲಸ್ಸೀಮಿಯಾ (ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷ) ವಾಹಕರಲ್ಲಿ ಇದಕ್ಕೆ ತದ್ವಿರುದ್ಧ, ಕಣಗಳು ಸುಲಭವಾಗಿ ಒಡೆಯುವುದಿಲ್ಲ. ನಮ್ಮ ದೇಶದಲ್ಲಿ ವಾಹಕರ ಪ್ರಾಥಮಿಕ ತಪಾಸಣೆಗೆ ಬಳಸುವ ನೆಸ್ಟ್ರಾಫ್ಟ್ ಪರೀಕ್ಷೆಯಲ್ಲಿ ಶೇ. 0.36ರ ಬಫರ್ ಸಲೈನಿಗೆ ರಕ್ತ ಹಾಕಿ, ಹಿಂದೆ ಕಪ್ಪು ಗೆರೆಯಿರುವ ಬಿಳಿ ಕಾಗದ ಹಿಡಿಯುತ್ತಾರೆ. ಗೆರೆ ಸ್ಪಷ್ಟವಾಗಿ ಕಂಡರೆ ಕಣಗಳು ಒಡೆದಿವೆ ಎಂದರ್ಥ; ಮಸುಕಾಗಿದ್ದರೆ ಮುಂದಿನ ಪರೀಕ್ಷೆ ಬೇಕಾಗುತ್ತದೆ. ಕಬ್ಬಿಣದ ಕೊರತೆಯಿದ್ದವರಲ್ಲಿಯೂ ಗೆರೆ ಮಸುಕಾಗಬಹುದಾದ್ದರಿಂದ ಇದನ್ನೇ ರೋಗನಿರ್ಣಯವೆಂದು ಯಾರೂ ತೆಗೆದುಕೊಳ್ಳಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಯೂರಿಯಾ ಇಷ್ಟು ಸಲೀಸಾಗಿ ಒಳಹೋಗುವುದರಿಂದ ಕಣಕ್ಕೆ ಏನು ಪ್ರಯೋಜನ ಸರ್? ಅಪಾಯವೇ ಹೆಚ್ಚೆಂದು ತೋರುತ್ತದೆ.

ಉತ್ತರ 1 (ಶರೀರಕ್ರಿಯಾಶಾಸ್ತ್ರ ಬೋಧಕ):
ದೇಹದೊಳಗೆ ಶುದ್ಧ ಯೂರಿಯಾ ದ್ರಾವಣ ಎಲ್ಲಿಯೂ ಎದುರಾಗುವುದಿಲ್ಲ, ಯೂರಿಯಾದ ಜೊತೆಗೆ ಸೋಡಿಯಂ ಇದ್ದೇ ಇರುತ್ತದೆ. ಮೂತ್ರಪಿಂಡದ ಒಳಭಾಗದಲ್ಲಿ ಸಾಂದ್ರತೆ 1,200 ಮಿಲಿಆಸ್ಮೋಲಿನವರೆಗೂ ಏರುತ್ತದೆ, ಅದರಲ್ಲಿ ಯೂರಿಯಾದ ಪಾಲು ದೊಡ್ಡದು. ಅಲ್ಲಿಗೆ ಇಳಿಯುವ ಕಣ ಯೂರಿಯಾವನ್ನು ಬೇಗ ಒಳಗೆಳೆದುಕೊಳ್ಳುವುದರಿಂದ ಅತಿಯಾಗಿ ಕುಗ್ಗುವುದಿಲ್ಲ, ಮೇಲೇರುವಾಗ ಬೇಗ ಬಿಟ್ಟುಕೊಡುವುದರಿಂದ ಉಬ್ಬುವುದೂ ಇಲ್ಲ. ಈ ಸಾಗಣೆ ಪ್ರೋಟೀನಿನ ಮೇಲೆಯೇ ಕಿಡ್ ರಕ್ತಗುಂಪಿನ ಗುರುತುಗಳಿವೆ. ಅಪರೂಪಕ್ಕೆ ಕೆಲವರಲ್ಲಿ ಅದು ಇರುವುದೇ ಇಲ್ಲ. ಅವರು ಬಹುಮಟ್ಟಿಗೆ ಆರೋಗ್ಯವಾಗಿಯೇ ಇದ್ದರೂ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ತುಸು ಕಡಿಮೆಯಿರುತ್ತದೆ. ಅವರ ಕಣಗಳು 2 ಮೋಲಾರ್ ಯೂರಿಯಾದಲ್ಲಿ ಬೇಗ ಒಡೆಯುವುದಿಲ್ಲವಾದ್ದರಿಂದ, ಅಂತಹ ವಿರಳ ರಕ್ತದಾನಿಗಳನ್ನು ಹುಡುಕಲು ರಕ್ತನಿಧಿಗಳು ನೀವು ಮಾಡಿದ್ದನ್ನೇ ಹೋಲುವ ಪರೀಕ್ಷೆಯನ್ನು ಬಳಸುತ್ತವೆ.