ನೀರಿನಡಿ ‘ಟೈಮ್ ಮುಗೀತಾ ಬಂತು’ ಅನ್ನೋದಕ್ಕೆ ಯಾವ ಸನ್ನೆ?

ಪ್ರಶ್ನೆ: ಅಂಡಮಾನ್‌ನ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಡೈವ್ ಮಾಡುತ್ತಾ 28 ಮೀಟರ್ ಕೆಳಗಿದ್ದೆವು. ಡೆಕೋ ಮಿತಿಗೆ (ಅದು ದಾಟಿದರೆ ಮೇಲೆ ಬರುವಾಗ ನಡುನಡುವೆ ನಿಲ್ಲಲೇಬೇಕು) 5 ನಿಮಿಷ ಉಳಿದಿತ್ತು, ಐದು ಬೆರಳು ತೋರಿಸಿದೆ, ಜೊತೆಗಾರ ಅದನ್ನು ನನ್ನ ಸಿಲಿಂಡರ್‌ನಲ್ಲಿ ಬರೀ 50 ಬಾರ್ (ಒತ್ತಡದ ಅಳತೆ) ಗಾಳಿ ಉಳಿದಿದೆ ಅಂದುಕೊಂಡು ಗಾಬರಿಯಲ್ಲಿ ತನ್ನ ಆಕ್ಟೋಪಸ್ (ಉಸಿರಾಡಲು ಇರುವ ಹೆಚ್ಚುವರಿ ಬಾಯಿನಳಿಕೆ) ಚಾಚಿದ! ಸರಿಯಾದ ಸನ್ನೆ ಯಾವುದು?

ಕಡಲಕಾಗೆ: ಮೊದಲು ಸಮಯ, ಆಳ ತೋರಿಸುವ ಡೈವ್ ಕಂಪ್ಯೂಟರ್ ಮುಟ್ಟಿ ತೋರಿಸಿ, ಆಮೇಲೆ ಬೆರಳು. ಗಾಳಿಯ ಲೆಕ್ಕವಾದರೆ ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ಮುಟ್ಟಿ. ನಾವು 100 ಬಾರ್‌ಗೆ ಎರಡೂ ಕೈ ಸೇರಿಸಿ ‘ಟಿ’ ಮಾಡುತ್ತೇವೆ, 50ಕ್ಕೆ ಎದೆಗೆ ಮುಷ್ಟಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ದೋಣಿಯಲ್ಲೇ ಮಾತಾಡಿಕೊಳ್ಳಿ.

ಮುಳುಗುಮಾರ: ಟೆಕ್ನಿಕಲ್ ಡೈವರ್‌ಗಳು (ಡೆಕೋ ಮಿತಿ ದಾಟುವ ಡೈವ್‌ಗೂ ತರಬೇತಿ ಪಡೆದವರು) ಡೆಕೋಗೆ ಕಿರುಬೆರಳು ಎತ್ತುತ್ತಾರೆ. ಜಾಸ್ತಿ ತಲೆ ಕೆಡಿಸಿಕೊಳ್ಳದೆ ಹೆಬ್ಬೆರಳು ಮೇಲೆ ಮಾಡಿ, ಡೈವ್ ಮುಗೀತು ಅಂತ. (ನನ್ನ ತಮ್ಮ ಆಮೆ ಕಂಡ ಖುಷಿಗೆ ಇದನ್ನೇ ತೋರಿಸಿ ಎಲ್ಲರನ್ನೂ ಮೇಲೆ ಹೊರಡಿಸಿದ್ದ.)

ಪ್ರಶ್ನೆ ಕೇಳಿದವರು: ಅಯ್ಯೋ, ನಾವು ದೋಣಿಯಲ್ಲಿ ಬರೀ ಫೋಟೋ ತೆಗೆದುಕೊಂಡೆವು!