ಕಾಳ ಏಳ್ತಿಲ್ಲ, ಎಂತ ಮಾಡ್ಲಿ? – ಓದುಗರ ಸ್ಪಂದನ

ಹೋದ ವಾರ ಹೊಸನಗರ ಕಡೆಯ ಓದುಗರೊಬ್ಬರು ಬರೆದ ಪತ್ರ ನೆನಪಿರಬಹುದು. ಅವರ ಮನೆ ನಾಯಿ ಕಾಳನಿಗೆ 13 ವರ್ಷ. ಮಳೆ ಹಿಡಿದಾಗಿಂದ ಹಿಂದಿನ ಕಾಲೆರಡೂ ನಿಧಾನಕ್ಕೆ ಸೋತು, ಈಗ ಎರಡು ತಿಂಗಳಾಯ್ತು ಮಲಗಿದಲ್ಲೇ ಇದೆ, ಸೊಂಟದ ಹತ್ರ ಹುಣ್ಣಾಗಿ ಒಂದ್ಸಲ ಹುಳಾನೂ ಬಿದ್ದಿತ್ತು. ನೋಡಿದ ಡಾಕ್ಟರು ದಯಾಮರಣದ ಮಾತು ಎತ್ತಿದಾರೆ. ಅತ್ತೆ "ಭೈರವನ ವಾಹನ ಅದು, ಕೊಂದ್ರೆ ಮನೆಗೆ ಒಳ್ಳೇದಾಗಲ್ಲ" ಅಂತಾರೆ. ಯಜಮಾನ್ರಿಗೆ ಅದರ ನರಳಾಟ ಕೇಳೋಕಾಗದೆ "ಕಾರಲ್ಲಿ ಹಾಕ್ಕೊಂಡು ಹೋಗಿ ಪೇಟೆ ಕಡೆ ಬಿಟ್ಟು ಬರ್ತೀನಿ" ಅಂದಿದಾರೆ. ನಾನು ಯಾವುದಕ್ಕೆ ಹ್ಞೂಂ ಅನ್ಲಿ ಅನ್ನೋದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವನ್ನ ಇಲ್ಲಿ ಕೊಟ್ಟಿದೀವಿ. ಒಂದು ತುಂಬಾ ಉದ್ದ ಇದೆ, ಕತ್ತರಿಸೋಕೆ ಮನಸ್ಸು ಬರ್ಲಿಲ್ಲ.

ರಿಪ್ಪನ್‌ಪೇಟೆಯಿಂದ

13 ವರ್ಷ ನಿಮ್ಮ ಅಂಗಳ ಕಾದಿದ್ದನ್ನ ಪೇಟೇಲಿ ಬಿಟ್ಟು ಬರೋದನ್ನೂ ನೀವು ಒಂದು ದಾರಿ ಅಂತ ಲೆಕ್ಕಕ್ಕೆ ತಗೊಂಡಿದ್ದೇ ತಪ್ಪು. ಅದು ದಾರಿ ಅಲ್ಲ. ಉಳಿದ ಎರಡರಲ್ಲಿ ಒಂದು ನೋಡ್ಕೊಳ್ಳಿ.

*ಮಾತು ಖಾರವಾಗಿದೆ. ಆದ್ರೆ ಹಾಗೆ ಬಿಟ್ಟು ಹೋದ ನಾಯಿಗಳನ್ನ ದಿನಾ ಕಣ್ಣಾರೆ ನೋಡೋರು ಏನಂತಾರೆ ಅದನ್ನೂ ಕೇಳಬೇಕು.*

ಮಂಡಗದ್ದೆ ಹತ್ರದಿಂದ

ನಮ್ದು ಶಿವಮೊಗ್ಗ–ತೀರ್ಥಹಳ್ಳಿ ರೋಡ್ ಪಕ್ಕ ಸಣ್ಣ ಹೋಟ್ಲು. ವರ್ಷಾ ವರ್ಷಾ ಯಾರಾದ್ರೂ ಇಲ್ಲಿ ನಾಯಿ ಬಿಟ್ಟು ಹೋಗೇ ಹೋಗ್ತಾರೆ, ಹೋಟ್ಲು ಇದೆ ಅನ್ನ ಸಿಗುತ್ತೆ ಅಂತ ಅವರ ಲೆಕ್ಕ. ನಾನು ಅನ್ನ ಹಾಕ್ತೀನಕ್ಕ, ಆದ್ರೆ ಅದು ತಿನ್ನಲ್ಲ. ಕಾರು ನಿಂತಿದ್ದ ಜಾಗ ಬಿಟ್ಟು ಅಲ್ಲಾಡಲ್ಲ. ಅದೇ ಬಣ್ಣದ ಕಾರು ಬಂದ್ರೆ ಎದ್ದು ಓಡುತ್ತೆ, ಬಾಗಿಲ ಹತ್ರ ಹೋಗಿ ಒಳಗಿರೋರ ಮುಖ ನೋಡಿ ವಾಪಸ್ ಬಂದು ಕೂರುತ್ತೆ. ಮನೆ ನಾಯಿಗೆ ಲಾರಿ ಅಂದ್ರೆ ಗೊತ್ತಿರಲ್ಲ, ಇಲ್ಲಿನ ನಾಯಿಗಳು ಹತ್ರ ಸೇರಿಸಲ್ಲ, ವಾರದೊಳಗೆ ರೋಡಲ್ಲೇ ಮುಗಿದು ಹೋಗಿದ್ದನ್ನ ನಾನೇ ಎತ್ತಿ ಹೂತಿದೀನಿ. ಇವೆಲ್ಲ ನಾಲ್ಕು ಕಾಲು ಸರಿಯಾಗಿರೋ ನಾಯಿಗಳ ಕಥೆ. ನಿಮ್ಮ ಕಾಳನಿಗೆ ಏಳೋಕೇ ಆಗಲ್ಲ. ಯಜಮಾನ್ರ ಹತ್ರ ಜಗಳ ಮಾಡ್ಬೇಡಿ, ಇದನ್ನ ಓದಿ ಹೇಳಿ ಸಾಕು.

ಶಿಕಾರಿಪುರದಿಂದ

ಮೇಡಂ, ನಮ್ಮನೇಲಿ ಎರಡು ಹೆಣ್ಣು ಮರಿ ಇದಾವೆ, ಹೆಣ್ಣು ಅಂತ ಯಾರೂ ಒಯ್ತಾ ಇಲ್ಲ. ಕಾಳ ಹೋದ್ಮೇಲೆ ಬೇಕಾದ್ರೆ ಹೇಳಿ, ಲಸಿಕೆ ಹಾಕಿಸಿ, ದೊಡ್ಡವಾದ್ಮೇಲೆ ಮರಿ ಆಗದಂಗೆ ಆಪರೇಷನ್ ಖರ್ಚೂ ನಾವೇ ಕೊಡ್ತೀವಿ. ನಮ್ಮ ಕಡೆ ಹೆಣ್ಣು ಮರಿಗಳನ್ನ ಚೀಲದಲ್ಲಿ ಕಟ್ಟಿ ಹೊಳೆದಂಡೇಲಿ ಬಿಡೋದು ನಿಲ್ಲಬೇಕು ಅಂದ್ರೆ ಈ ಆಪರೇಷನ್ ಬಿಟ್ರೆ ಬೇರೆ ಉಪಾಯ ಇಲ್ಲ.

*ಕೇಳಿದ ಪ್ರಶ್ನೆಗೆ ಇದು ಉತ್ತರ ಅಲ್ಲ, ಆದ್ರೂ ಆ ಎರಡು ಮರಿಗಳಿಗೋಸ್ಕರ ಹಾಕಿದೀವಿ. ಮುಂದಿನದ್ದು ಕೊಪ್ಪದ ಕಡೆಯಿಂದ, ಬರೆದವರಿಗೆ ಅರವತ್ತು ದಾಟಿದೆ.*

ಕೊಪ್ಪದಿಂದ

ತಂಗೀ, ನಿಮ್ಮ ಪತ್ರ ಓದಿ ಫೋನ್ ಪಕ್ಕಕ್ಕಿಟ್ಟು ತೋಟಕ್ಕೆ ಹೋಗ್ಬಿಟ್ಟೆ, ರಾತ್ರಿ ಊಟ ಸೇರ್ಲಿಲ್ಲ, ಮನೆಯವಳು ಎಂತಾಯ್ತು ಅಂತ ಕೇಳಿದ್ಲು ಹೇಳೋಕಾಗ್ಲಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತು, ಯಾರ ಹತ್ರಾನೂ ಪೂರ್ತಿ ಹೇಳಿಲ್ಲ, ನಿಮಗೆ ಬರೀತಿದೀನಿ.

ನಮ್ಮನೇಲಿ ಕೆಂಚ ಅಂತ ಇದ್ದ. ಊರುನಾಯೀನೇ, ಜಾತಿ ನಾಯಿ ಅಲ್ಲ. ತೋಟಕ್ಕೆ ಮಂಗ ಇಳೀತು ಅಂದ್ರೆ ಮನುಷ್ಯರು ಗುಡ್ಡ ಹತ್ತೋದ್ರೊಳಗೆ ಅವನು ಆ ತುದೀಲಿ ಇರ್ತಿದ್ದ. ಒಂದು ಮಳೆಗಾಲ ಎರಡು ರಾತ್ರಿ ಮನೆಗೆ ಬರ್ಲಿಲ್ಲ, ಚಿರತೆ ಹೊತ್ಕೊಂಡು ಹೋಯ್ತು ಅಂತಲೇ ಅಂದ್ಕೊಂಡ್ವಿ, ನಮ್ಮ ಕಡೆ ಎಷ್ಟು ನಾಯಿ ಹಾಗೆ ಹೋಗಿಲ್ಲ. ಮೂರನೇ ದಿನ ಬಂದ. ಯಾರೋ ಹಂದಿಗೆ ಅಂತ ಗದ್ದೆ ಅಂಚಲ್ಲಿ ಇಟ್ಟ ಉರುಳು, ಬೈಕಿನ ಕ್ಲಚ್ ವೈರಿಂದು, ಸೊಂಟಕ್ಕೆ ಬಿಗಿದು ಮಾಂಸದೊಳಗೆ ಹೂತು ಹೋಗಿತ್ತು. ಅದನ್ನ ಕಿತ್ಕೊಂಡು ಎಳ್ಕೊಂಡೇ ಬಂದಿದ್ದ. ನಾನೇ ಕಟಿಂಗ್ ಪ್ಲೇಯರಲ್ಲಿ ವೈರ್ ಕತ್ತರಿಸಿದೆ, ಅಷ್ಟು ಹೊತ್ತೂ ನನ್ನ ಮೊಣಕೈ ನೆಕ್ತಿದ್ದ, ಕಚ್ಚೋದಿರ್ಲಿ ಗುರ್ ಅಂತಲೂ ಅನ್ಲಿಲ್ಲ.

ಆಮೇಲೆ ಹಿಂದಿನ ಭಾಗ ಸತ್ತೇ ಹೋಯ್ತು. ಡಾಕ್ಟರ್ ಕರೆಸೋದು ಯಾರ ತಲೆಗೂ ಬರ್ಲಿಲ್ಲ, ಆಸ್ಪತ್ರೆ ಅನ್ನೋದು ದನಕ್ಕೆ ಅನ್ನೋ ಕಾಲ. ಪಕ್ಕದ ಮನೆಯವರು ಕೋವಿ ತರ್ಲಾ ಅಂದ್ರು. ಅಪ್ಪಯ್ಯ "ಅದರ ಋಣ ಇರೋವಷ್ಟು ದಿನ ಇರ್ಲಿ, ನಾವು ಕೈಯಾರೆ ಪಾಪ ಕಟ್ಕೊಳ್ಳೋದು ಬೇಡ" ಅಂದ್ರು. ಸೌದೆ ಕೊಟ್ಟಿಗೇಲಿ ಗೋಣಿಚೀಲ ಹಾಸಿ ಮಲಗಿಸಿದ್ವಿ.

ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಸಮಯ ಅದು, ಬೆಳಿಗ್ಗೆ ಎದ್ದ ಕೂಡ್ಲೇ ಮೈಲುತುತ್ತ ಸುಣ್ಣ ಹೊತ್ಕೊಂಡು ಸೌದೆ ಕೊಟ್ಟಿಗೆ ಬದಿಯಿಂದಲೇ ತೋಟಕ್ಕೆ ಇಳೀಬೇಕು. ನನ್ನ ಹೆಜ್ಜೆ ಸಪ್ಪಳ ಅವನಿಗೆ ಗೊತ್ತಾಗ್ತಿತ್ತು. ಬಾಲ ಪೂರ್ತಿ ಆಡಿಸೋಕಾಗದೆ ತುದಿ ಮಾತ್ರ ಗೋಣಿಚೀಲದ ಮೇಲೆ ಪಟ್... ಪಟ್... ಅಂತ ಬಡೀತಿದ್ದ. ಹುಣ್ಣಿನ ವಾಸನೆ ಅಂಗಳದವರೆಗೂ ಬರ್ತಿತ್ತು. ಐದಾರು ದಿನ ನಿಂತು ಮಾತಾಡಿಸಿ ಹೋದೆ. ಆಮೇಲೆ ನನಗೆ ತಡ್ಕೊಳ್ಳೋಕಾಗ್ಲಿಲ್ಲ. ನಾನು ದಾರಿ ಬದಲಾಯಿಸಿದೆ ತಂಗೀ. ಬಚ್ಚಲು ಹಿಂದಿನಿಂದ ಸುತ್ತು ಹಾಕಿ ಹೋಗೋಕೆ ಶುರು ಮಾಡಿದೆ. ಅಮ್ಮ ದಿನಾ ಗಂಜಿ ಇಡ್ತಿದ್ಲು, ನಾನು ಆ ಕಡೆ ಮುಖ ಹಾಕ್ಲಿಲ್ಲ.

19 ದಿನ ಇದ್ದ. ಇಪ್ಪತ್ತನೇ ದಿನ ಬೆಳಿಗ್ಗೆ ಜಡಿಮಳೇಲಿ ಅಮ್ಮ ಕೂಗಿದ್ಲು. ಸೌದೆ ಕೊಟ್ಟಿಗೆಯಿಂದ ಹತ್ತು ಮಾರು ಮುಂಗಾಲಲ್ಲೇ ತೆವಳ್ಕೊಂಡು ಬಂದು, ಬಚ್ಚಲು ಹಿಂದೆ, ನಾನು ಹೋಗೋ ಹೊಸ ದಾರಿ ಬದೀಲಿ ಬಿದ್ದಿದ್ದ. ಕೆಸರಲ್ಲಿ ಎಳ್ಕೊಂಡು ಬಂದ ಗುರುತು ಹಾಗೇ ಇತ್ತು, ಅದರೊಳಗೆ ಮಳೆ ನೀರು ನಿಂತಿತ್ತು.

ಅಪ್ಪಯ್ಯಂದು ತಪ್ಪು ಅಂತ ನಾನು ಹೇಳಲ್ಲ, ಅವರು ನಂಬಿದ್ದನ್ನ ಹೇಳಿದ್ರು. ಆದ್ರೆ ಪಾಪ ಬೇಡ ಅಂತ ಅಂದ್ಕೊಂಡ ನಾವು ಯಾರೂ ಆ 19 ರಾತ್ರಿ ಅವನ ಪಕ್ಕ ಕೂತಿರ್ಲಿಲ್ಲ. ನಿಮ್ಮ ಡಾಕ್ಟರು ಇನ್ನು ಆಗಲ್ಲ ಅಂತ ಹೇಳಿದ್ರೆ ಕರೆಸಿ. ಕರೆಸಲ್ಲ ಅಂತಾದ್ರೆ ದಯವಿಟ್ಟು ದಾರಿ ಮಾತ್ರ ಬದಲಾಯಿಸ್ಬೇಡಿ.

*ಇದರ ಕೆಳಗೆ ನಾವು ಏನೂ ಸೇರಿಸಲ್ಲ. ಸಾಗರದ ಓದುಗರೊಬ್ಬರು ಇದಕ್ಕೆ ಪೂರ್ತಿ ಬೇರೆ ಮಾತು ಹೇಳ್ತಾರೆ, ಅವರ ಅನುಭವಾನೂ ಕೈಯಾರೆ ಪಟ್ಟಿದ್ದು.*

ಸಾಗರದಿಂದ

ಅಕ್ಕಾ, ಇಂಜೆಕ್ಷನ್ ಮಾತೇ ಎತ್ಬೇಡಿ. ನಮ್ಮ ಜಿಮ್ಮಿ ಏಳು ತಿಂಗಳು ಮಲಗಿತ್ತು, ನಾನು ನೋಡ್ಕೊಂಡೆ. ಮನೇಲಿ ವಯಸ್ಸಾದೋರು ಹಾಸಿಗೆ ಹಿಡಿದ್ರೆ ಎಂತ ಮಾಡ್ತೀವಿ ಅದೇ. ನಾನು ಮಾಡಿದ್ದು ಹೇಳ್ತೀನಿ ಕೇಳಿ. ಕೊಟ್ಟಿಗೆಗೆ ಹಾಕೋ ಒಣ ದರಗೆಲೆ ಮೊಣಕಾಲುದ್ದ ಹಾಸಿ ಅದರ ಮೇಲೆ ಹಳೇ ಕಂಬಳಿ, ಹಿಂಭಾಗದ ಕೆಳಗೆ ಮಾತ್ರ ಅಡಿಕೆ ಹಾಳೆ ಬಿಡಿಸಿ ಇಡೋದು, ಉಚ್ಚೆ ಹಾಳೇಲೇ ನಿಲ್ಲುತ್ತೆ, ತೆಗೆದು ಎಸೆದು ಇನ್ನೊಂದು ಇಟ್ರಾಯ್ತು, ಕಂಬಳಿ ಒದ್ದೆ ಆಗಲ್ಲ. ಮಳೆಗಾಲದಲ್ಲಿ ಕಂಬಳಿ ಒಣಗಿಸೋದೇ ದೊಡ್ಡ ಕೆಲಸ ಅಲ್ವಾ, ಬಚ್ಚಲು ಒಲೆ ಮೇಲೆ ಹಗ್ಗ ಕಟ್ಟಿದ್ದೆ. ಎರಡು ಮೂರು ತಾಸಿಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ರಾತ್ರಿನೂ. ಹೊಟ್ಟೆ ಕೆಳಗೆ ಪಂಚೆ ಹಾಕಿ ಎತ್ತಿ ಹಿಡಿದ್ರೆ ಮುಂಗಾಲಲ್ಲಿ ನಾಲ್ಕು ಹೆಜ್ಜೆ ಹಾಕ್ತಿತ್ತು, ಅಷ್ಟಕ್ಕೇ ಅದಕ್ಕೆ ಎಷ್ಟು ಖುಷಿ ಗೊತ್ತಾ. ಒಂದು ದಿನಾನೂ ಹುಳ ಬೀಳೋಕೆ ಬಿಡ್ಲಿಲ್ಲ. ಕೊನೆಗೆ ನನ್ನ ತೊಡೆ ಮೇಲೆ ತಾನಾಗೇ ಹೋಯ್ತು.

*ಏಳು ತಿಂಗಳು ರಾತ್ರಿ ಎದ್ದು ಮಗ್ಗುಲು ಬದಲಾಯಿಸಿದ ಕೈಗಳಿಗೆ ನಮಸ್ಕಾರ. ಎಲ್ಲರ ಮನೇಲೂ ಅಂಥ ಕೈ ಬಿಡುವಾಗಿರಲ್ಲ ಅನ್ನೋದೂ ನಿಜ, ಜಿಮ್ಮಿಗೆ ಕೊನೆವರೆಗೂ ನಡೆಯೋ ಖುಷಿ ಉಳಿದಿತ್ತು ಅನ್ನೋದೂ ನಿಜ. ಇನ್ನು ನಿವೃತ್ತ ಪಶುವೈದ್ಯರೊಬ್ಬರ ಪತ್ರ.*

ಶಿವಮೊಗ್ಗದಿಂದ

ಅಮ್ಮಾ, ನೀವು ಕೇಳಿದ್ದಕ್ಕೆ ಮೊದಲು ನಾನೊಂದು ಕೇಳ್ತೀನಿ. ಕಾಳನ ರಕ್ತ ಪರೀಕ್ಷೆ ಆಗಿದ್ಯಾ? ಮಲೆನಾಡಲ್ಲಿ ಉಣ್ಣಿ ಕಚ್ಚಿ ಬರೋ ಜ್ವರಕ್ಕೆ ನಾಯಿಗಳು ನಿತ್ರಾಣ ಆಗಿ ಮಲಗಿಬಿಡ್ತಾವೆ, ಮನೆಯವರು ವಯಸ್ಸಾಯ್ತು ಅಂದ್ಕೊಳ್ತಾರೆ, ಅದಕ್ಕೆ ಔಷಧಿ ಇದೆ. ಸಂಧಿವಾತಕ್ಕೂ ನೋವು ಕಮ್ಮಿ ಮಾಡೋ ಮಾತ್ರೆ ಇದಾವೆ, ಆದ್ರೆ ಮನೇಲಿರೋ ನಮ್ಮ ಮಾತ್ರೆ ಕೊಡ್ಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೇಲಿ ರಕ್ತ ಬರಿಸಿ ಕಿಡ್ನಿ ಹಾಳು ಮಾಡ್ತಾವೆ. ಹುಳ ಬಿದ್ದ ಹುಣ್ಣಿಗೆ ಪೆಟ್ರೋಲ್, ಫಿನಾಯಿಲ್ ಹಾಕೋದನ್ನೂ ನಾನು ಬೇಕಾದಷ್ಟು ನೋಡಿದೀನಿ, ಅದು ಹಸಿ ಮಾಂಸ ಸುಡುತ್ತೆ.

ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಿದೀರಾ ಅನ್ನೋದೂ ನಿಮ್ಮ ಪತ್ರದಲ್ಲಿ ಇಲ್ಲ. ಕಾಲು ಸೋತು ಜೊಲ್ಲು ಸುರಿಸ್ಕೊಂಡು ಸುಮ್ಮನೆ ಮಲಗೋ ರೇಬೀಸೂ ಇದೆ, ಎಲ್ಲ ಹುಚ್ಚುನಾಯಿ ಕಚ್ಚೋಕೆ ಬರಲ್ಲ. ಆದ್ರೆ ರೇಬೀಸ್ ಕಾಣಿಸ್ಕೊಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತೆ, ಕಾಳ ಎರಡು ತಿಂಗಳಿಂದ ಇದಾನೆ, ಹಾಗಾಗಿ ಹೆದರ್ಬೇಡಿ. ಬೇರೆಯವರಿಗೆ ಹೇಳೋದು ಇಷ್ಟೇ. ಅನುಮಾನದ ನಾಯಿ ಕಚ್ಚಿದ್ರೆ, ಗಾಯ ನೆಕ್ಕಿದ್ರೆ, 15 ನಿಮಿಷ ಸೋಪು ಹಚ್ಚಿ ಹರಿಯೋ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ ಪ್ರಶ್ನೆ. ಕಾಳ ಕರೆದ್ರೆ ತಲೆ ಎತ್ತುತ್ತಾನಾ, ಆಸೆಯಿಂದ ತಿಂತಾನಾ, ನೋವಿಲ್ಲದೆ ನಿದ್ದೆ ಮಾಡ್ತಾನಾ, ಒಂದು ವಾರ ಕ್ಯಾಲೆಂಡರಲ್ಲಿ ಗುರುತು ಹಾಕಿ. ಒಳ್ಳೇ ದಿನಕ್ಕಿಂತ ಕೆಟ್ಟ ದಿನ ಜಾಸ್ತಿ ಆಗಿ, ಚಿಕಿತ್ಸೆಗೂ ಜಗ್ಗಲ್ಲ ಅಂತಾದ್ರೆ ದಯಾಮರಣ ತಪ್ಪಲ್ಲ. ಮೊದಲು ಮಂಪರಿನ ಇಂಜೆಕ್ಷನ್, ನಾಯಿ ನಿದ್ದೆ ಹೋಗುತ್ತೆ. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆ ಮದ್ದು ಜಾಸ್ತಿ ಪ್ರಮಾಣದಲ್ಲಿ. ಕೆಲವೇ ನಿಮಿಷ. ಕಣ್ಣು ತೆರೆದೇ ಇರ್ಬಹುದು, ಕೊನೆಗೆ ಒಂದೆರಡು ಸಲ ಉಸಿರು ಎಳೆದಂಗೆ ಆಗ್ಬಹುದು, ಅದು ನೋವಲ್ಲ, ಗಾಬರಿ ಆಗ್ಬೇಡಿ. ಹಿಂದೆ ಹಳ್ಳಿ ಕಡೆ ಕಾಸರಕನ ಬೀಜ ತಿನ್ನಿಸ್ತಿದ್ರು, ಅದರಲ್ಲಿರೋದು ಸ್ಟ್ರಿಕ್ನೀನ್, ಎಚ್ಚರ ಇರೋವಾಗ್ಲೇ ಮೈ ಬಿಲ್ಲಿನಂಗೆ ಸೆಟೆದು ಸಾಯ್ತವೆ. ಅದಕ್ಕೂ ಇದಕ್ಕೂ ಹೋಲಿಕೆನೇ ಇಲ್ಲ. ಹೂಳೋವಾಗ ಗುಂಡಿ ಆಳ ಇರ್ಲಿ, ಮದ್ದು ಮೈಯಲ್ಲೇ ಉಳಿಯುತ್ತೆ, ನರಿಯೋ ಹದ್ದೋ ಎಳೆದು ತಿಂದ್ರೆ ಅವೂ ಸಾಯ್ತಾವೆ.

ಇನ್ನು ಪೇಟೇಲಿ ಬಿಡೋದು. ಹಸಿವೆ ನೀರಡಿಕೆಯಿಂದ ನರಳೋ ಹಾಗೆ ಪ್ರಾಣಿನ ಬಿಟ್ಟು ಹೋಗೋದು ಪ್ರಾಣಿ ಹಿಂಸೆ ತಡೆಯೋ 1960ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಬರೀ 50 ರೂಪಾಯಿವರೆಗೆ, ಅದು ನನ್ನ ಹೊಟ್ಟೆ ಉರಿಸೋ ವಿಷಯ. ಇಲ್ಲಿ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಕಾಳನನ್ನ ಕರ್ಕೊಂಡು ಬಂದ್ರೆ ಪೂರ್ತಿ ಪರೀಕ್ಷೆ ಮಾಡಿಸ್ಬಹುದು. ಅಷ್ಟು ದೂರ ಕಷ್ಟ ಅಂದ್ರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತಾ ಕೇಳಿ ನೋಡಿ.

ತೀರ್ಥಹಳ್ಳಿಯಿಂದ, ಒಂಬತ್ತನೇ ಕ್ಲಾಸ್

ಆಂಟಿ, ನಿಮ್ಮನೇಲಿ ಮಕ್ಕಳಿದ್ರೆ ಸುಳ್ಳು ಹೇಳ್ಬೇಡಿ ಪ್ಲೀಸ್. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ನಮ್ಮ ರಾಣಿ ಓಡಿ ಹೋಯ್ತು ಅಂದ್ರು. ನಾನು ದಿನಾ ಸ್ಕೂಲ್ ವ್ಯಾನ್ ಕಿಟಕಿಯಿಂದ ಹುಡುಕ್ತಿದ್ದೆ, ತಟ್ಟೆ ತೊಳೆದು ನೀರು ತುಂಬಿಡ್ತಿದ್ದೆ. ಹೋದ ವರ್ಷ ಅಮ್ಮ ನಿಜ ಹೇಳಿದ್ರು, ಕಾಯಿಲೆ ವಾಸಿ ಆಗಲ್ಲ ಅಂತ ಡಾಕ್ಟರ್ ಹತ್ರ ಇಂಜೆಕ್ಷನ್ ಕೊಡಿಸಿದ್ದಂತೆ. ಇಂಜೆಕ್ಷನ್ ಕೊಡಿಸಿದ್ದಕ್ಕೆ ನಂಗೆ ಸಿಟ್ಟಿಲ್ಲ. ಟಾಟಾ ಹೇಳೋಕೆ ಬಿಡ್ಲಿಲ್ಲ ಅಲ್ವಾ, ಅದಕ್ಕೆ.

*ಕೊನೇದು ಅತ್ತೆಯವರಿಗೆ ಅಂತಲೇ ಬಂದಿದ್ದು. ಶೃಂಗೇರಿ ಕಡೆಯ ಅಜ್ಜಿ ಹೇಳಿದ್ದನ್ನ ಮೊಮ್ಮಗ ಟೈಪ್ ಮಾಡಿ ಕಳಿಸಿದಾನೆ.*

ಶೃಂಗೇರಿ ಕಡೆಯಿಂದ

ಮಗಾ, ಇದನ್ನ ನಿನ್ನ ಅತ್ತೆಗೆ ಓದಿ ಹೇಳು. ನಂಗೆ 81, ನಾನೂ ಅತ್ತೆನೇ. ಭೈರವನ ವಾಹನ ಅಂತ ನಾನೂ ನಂಬ್ತೀನಿ, ಮೊದಲ ಕಡುಬು ನಾಯಿಗೆ ಹಾಕದೆ ನಾನು ತಿಂದಿಲ್ಲ. ಹೋದ ಮಳೆಗಾಲ ನಮ್ಮ ಬೋಳನಿಗೆ ಡಾಕ್ಟರು ಬಂದಾಗ ನಾನೂ ಬೇಡ ಅಂತ ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಮೊಮ್ಮಗ ಬಂದು ಅಜ್ಜಿ, ಅದು ನಿನ್ನ ಹುಡುಕ್ತಿದೆ ಅಂದ. ಹೋಗಿ ತಲೆ ಮೇಲೆ ಕೈ ಇಟ್ಟೆ. ಅಷ್ಟು ಹೊತ್ತು ನಡುಗ್ತಿದ್ದ ಮೈ ನಿಂತೋಯ್ತು, ಇಂಜೆಕ್ಷನ್ ಕೊಡೋಕ್ಕಿಂತ ಮುಂಚೆನೇ. ನಿನ್ನ ಅತ್ತೆ ಒಪ್ಪೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ಡಾಕ್ಟರು ಬಂದ್ರೆ ಮಾತ್ರ ಅವ್ರಿಗೊಂದು ಮಣೆ ಹಾಕಿ ಕಾಳನ ತಲೆ ಹತ್ರ ಕೂರ್ಸು.